ನೀ ನೋಡಿಯೇನು?

ಭೂಮಿಯ ಆಕಾರ ಯಾವುದು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರನ್ನೇ ಕೇಳಿ, ಎರಡು ಸೆಕೆಂಡಿನಲ್ಲಿ ಉತ್ತರ ಬರುತ್ತದೆ. ‘ಜಿಯಾಯ್ಡ್’ ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಮಾದರಿ ಪ್ರಶ್ನೆಪತ್ರಿಕೆಗಳಲ್ಲಿ ಆ ಒಂದು ಅಂಕವನ್ನು ನಾನೂ ಎಷ್ಟೋ ಸಲ ಪಡೆದಿದ್ದೇನೆ. ಆದರೆ ಅದೇ ಪ್ರಶ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಚಹಾದಂಗಡಿಯಲ್ಲಿ ಎದುರಾದಾಗ ನನ್ನ ಬಾಯಿ ಕಟ್ಟಿತು.

ನಾನು ಕಮಲಾಪುರದವನು. ವಾರವಿಡೀ ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಓದುತ್ತೇನೆ, ಶನಿವಾರ ಬಸ್ಸು ಹತ್ತಿ ಊರಿಗೆ ಹೋಗುತ್ತೇನೆ. ನಾವು ಐದಾರು ಜನ ಒಟ್ಟಿಗೆ ಓದುತ್ತೇವೆ. ದೀಪಾವಳಿ ಮುಗಿದ ಮೇಲೆ ಒಂದು ಸಂಜೆ, ಸುಸಲಾ ತಿನ್ನುತ್ತಾ ಕುಳಿತಿದ್ದಾಗ ನಮ್ಮಲ್ಲೊಬ್ಬ ಗೆಳೆಯ ಮೊಬೈಲಿನಲ್ಲಿ ನೋಡಿದ ವಿಡಿಯೋದ ಮಾತು ತೆಗೆದ. ಭೂಮಿ ಚಪ್ಪಟೆಯಾಗಿದೆ, ಉಪಗ್ರಹಗಳೆಲ್ಲ ಸುಳ್ಳು, ಮೇಲೆ ಕಾಣುವುದು ಬಲೂನು ಎಂದು ಅದರಲ್ಲಿ ಹೇಳಿದ್ದರಂತೆ.

ನಾವೆಲ್ಲ ನಕ್ಕೆವು. ಅವನು ನನ್ನ ಕಡೆ ತಿರುಗಿ, “ದೋಸ್ತ, ನೀ ನೋಡಿಯೇನು? ಖರೇ ಹೇಳು, ನಿನ್ನ ಕಣ್ಣಿಂದ ಭೂಮಿ ಗುಂಡಗ ಇದ್ದದ್ದು ನೋಡಿಯೇನು?” ಎಂದ.

“ಫೋಟೊ ಅದಾವಲ್ಲೋ.”

“ಫೋಟೊ ಈಗ ಯಾರು ಬೇಕಾದವ್ರು ಮಾಡ್ತಾರ. ಪುಸ್ತಕದಾಗ ಬರದಾರ ಅಂತ ನೀ ನಂಬ್ತಿ. ವಿಡಿಯೋದಾಗ ತೋರಿಸ್ಯಾರ ಅಂತ ನಾ ನಂಬ್ತೀನಿ. ಫರಕ್ ಏನದ?”

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ಮಾಡುವ ಕೆಲಸವನ್ನೇ ಮಾಡಿದೆ. “ಹಂಗಾದ್ರ ನಿನಗ ನೌಕರಿ ಯಾಕ ಬೇಕು? ಹೋಗಿ ಭೂಮಿ ಅಂಚಿನಾಗ ಒಂದು ಪಂಕ್ಚರ್ ಅಂಗಡಿ ಹಾಕು” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ಅರ್ಧ ಚಹಾ ಬಿಟ್ಟು ಎದ್ದು ಹೋದ. ಮರುದಿನ ಲೈಬ್ರರಿಗೆ ಬರಲಿಲ್ಲ. ಆಮೇಲೆ ಒಂದು ತಿಂಗಳು ನಮ್ಮ ಜೊತೆ ಓದಲು ಕೂರಲಿಲ್ಲ.

ನಾನು ಗೆದ್ದೆ ಎಂದುಕೊಂಡಿದ್ದೆ. ಡಿಸೆಂಬರಿನಲ್ಲಿ ನನ್ನ ಮೊಬೈಲಿಗೆ ಒಂದು ನೇಮಕಾತಿ ಪ್ರಕಟಣೆ ಬಂತು. ಮೇಲೆ ಸರ್ಕಾರದ ಲಾಂಛನ, ಕೆಳಗೆ ಸಹಿ, ನಡುವೆ ಹುದ್ದೆಗಳ ಪಟ್ಟಿ. ಕೊನೆಯ ದಿನಾಂಕ ಮರುದಿನವೇ. ಗಡಿಬಿಡಿಯಲ್ಲಿ ಅರ್ಜಿ ಶುಲ್ಕವೆಂದು 850 ರೂಪಾಯಿ ಕಟ್ಟಿದೆ. ಅಷ್ಟೇ ಅಲ್ಲ, ಉಪಕಾರವಾಗಲಿ ಎಂದು ನಮ್ಮ ಗುಂಪಿಗೂ ಕಳಿಸಿದೆ. ಹತ್ತು ನಿಮಿಷದಲ್ಲಿ ಒಂದು ಉತ್ತರ ಬಂತು: “ಇದು ಇಲಾಖೆ ವೆಬ್‌ಸೈಟಿನಾಗ ಇಲ್ಲ. ಪತ್ರಿಕೆಯಾಗ ಬಂದಿಲ್ಲ. ಯಾರೂ ರೊಕ್ಕ ಕಟ್ಟಬ್ಯಾಡ್ರಿ.” ಬರೆದವನು ಅದೇ ಗೆಳೆಯ. ಪ್ರಕಟಣೆ ನಕಲಿಯಾಗಿತ್ತು. ನನ್ನ ದುಡ್ಡು ಹೋಯಿತು, ಅವನ ಮಾತಿನಿಂದ ಉಳಿದವರದು ಉಳಿಯಿತು.

ಚಪ್ಪಟೆ ಭೂಮಿಯವನೆಂದು ನಾನು ನಕ್ಕವನು ಪರಿಶೀಲಿಸಿದ್ದ. ಗುಂಡು ಭೂಮಿಯ ನಾನು ಲಾಂಛನ ನೋಡಿ ನಂಬಿದ್ದೆ. ಅವನ ರೂಮಿಗೆ ಹೋಗಿ ತಪ್ಪಾಯಿತು ಎಂದೆ. ಅವನು ಪಂಕ್ಚರ್ ಅಂಗಡಿಯ ಮಾತು ಎತ್ತಲಿಲ್ಲ. “ಬಾ, ನೋಡೇಬಿಡೋಣ” ಎಂದ. ನಮ್ಮ ಕಣ್ಣಿಗೆ ಕಂಡದ್ದನ್ನು, ನಮ್ಮ ಕೈಯಿಂದ ಅಳೆದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು ಎಂದು ಒಪ್ಪಂದವಾಯಿತು.

ಮೊದಲು ಉಪಗ್ರಹ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಬರಿಗಣ್ಣಿಗೆ ಕಾಣುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಹೋಗಿದ್ದು ಅಲ್ಲಿಗೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೊಳಕೆ ಪ್ರಯೋಗಕ್ಕೆಂದು ಹೆಸರುಕಾಳು, ಮೆಂತ್ಯ ಅವರ ಜೊತೆ ಹೋಗಿದ್ದವು. 109 ಮೀಟರ್ ಉದ್ದದ ಈ ನಿಲ್ದಾಣ ಗಂಟೆಗೆ ಸುಮಾರು 27,600 ಕಿಲೋಮೀಟರ್ ವೇಗದಲ್ಲಿ, ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ನಮ್ಮೂರ ಮೇಲೆ ಯಾವ ದಿನ, ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನು ನಾಸಾದ ‘ಸ್ಪಾಟ್ ದ ಸ್ಟೇಷನ್’ ಅಥವಾ ‘ಹೆವೆನ್ಸ್ ಅಬೌವ್’ನಲ್ಲಿ ಉಚಿತವಾಗಿ ನೋಡಬಹುದು.

ಜನವರಿಯ ಒಂದು ಶನಿವಾರ ಸಂಜೆ ಏಳರ ಸುಮಾರಿಗೆ ಅದು ವಾಯವ್ಯದಿಂದ ಆಗ್ನೇಯಕ್ಕೆ ಹಾಯುವುದಿತ್ತು. ನಾನು ಕಮಲಾಪುರದಲ್ಲಿ ನಮ್ಮ ಮನೆಯ ಮಾಳಿಗೆ ಮೇಲೆ, ಅವನು ಕಲಬುರಗಿಯಲ್ಲಿ ತನ್ನ ರೂಮಿನ ಮಾಳಿಗೆ ಮೇಲೆ. ರಸ್ತೆಯ ದೂರ ಬಿಡಿ, ನಕ್ಷೆಯಲ್ಲಿ ನೇರ ಗೆರೆ ಎಳೆದರೆ ನಮ್ಮಿಬ್ಬರ ನಡುವೆ ಸುಮಾರು 32 ಕಿಲೋಮೀಟರ್. ನಿಲ್ದಾಣ ಕೃತ್ತಿಕೆ ನಕ್ಷತ್ರದ ಗೊಂಚಲಿನ ಹತ್ತಿರ ಬಂದಾಗ ಎಷ್ಟು ದೂರದಲ್ಲಿ ಹಾದುಹೋಯಿತು ಎಂದು ಇಬ್ಬರೂ ಚೀಟಿಯಲ್ಲಿ ಬರೆಯಬೇಕು, ಬರೆದ ಮೇಲೆಯೇ ಫೋನು ಮಾಡಬೇಕು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಬಾರದಲ್ಲ, ಹಾಗೆ.

ಅಪ್ಪ ತೊಗರಿ ರಾಶಿಯ ಕೆಲಸ ಮುಗಿಸಿ ಬಂದು ನನ್ನ ಜೊತೆ ಮೇಲೆ ನಿಂತಿದ್ದರು. ಹೇಳಿದ ನಿಮಿಷಕ್ಕೆ ವಾಯವ್ಯದಲ್ಲಿ ಒಂದು ಚುಕ್ಕೆ ಎದ್ದಿತು. ವಿಮಾನದಂತೆ ಮಿಣುಕಲಿಲ್ಲ, ಸದ್ದಿಲ್ಲ. ನೆತ್ತಿಯ ಕಡೆ ಏರಿದಂತೆ ಆಕಾಶದಲ್ಲಿದ್ದ ಎಲ್ಲ ನಕ್ಷತ್ರಗಳಿಗಿಂತ ಹೆಚ್ಚು ಹೊಳೆಯಿತು. ಕೃತ್ತಿಕೆಯಿಂದ ಎರಡು ಬೆರಳು ದಕ್ಷಿಣಕ್ಕೆ ಸರಿದು ಮುಂದೆ ಹೋಯಿತು. ಆಗ್ನೇಯದಲ್ಲಿ ಇನ್ನೂ ನೆಲ ಮುಟ್ಟುವ ಮೊದಲೇ, ಮೋಡವಿಲ್ಲದ ಆಕಾಶದಲ್ಲಿ, ದೀಪ ಸಣ್ಣಗೆ ಮಾಡಿದಂತೆ ಕುಂದಿ ಮಾಯವಾಯಿತು. ಅಪ್ಪ, “ಎಲ್ಲಿ ಹೋತು?” ಎಂದರು.

ನಾನು ಚೀಟಿಯಲ್ಲಿ ‘ಎರಡು ಬೆರಳು ದಕ್ಷಿಣ’ ಎಂದು ಬರೆದಿದ್ದೆ. ಅವನ ಚೀಟಿಯಲ್ಲಿ ‘ಕೃತ್ತಿಕೆಯನ್ನು ಮುಟ್ಟಿಕೊಂಡೇ ಹೋಯಿತು’ ಎಂದಿತ್ತು. ಒಂದೇ ವಸ್ತು, ಒಂದೇ ಹೊತ್ತು, ಎರಡು ಊರಿನಿಂದ ಎರಡು ಜಾಗ. ಕೈ ನೇರವಾಗಿ ಚಾಚಿ ಹಿಡಿದರೆ ಎರಡು ಬೆರಳಿನ ಅಗಲ ಆಕಾಶದಲ್ಲಿ ಸುಮಾರು 4 ಡಿಗ್ರಿ. 32 ಕಿಲೋಮೀಟರ್ ಸರಿದಾಗ ನೋಟ 4 ಡಿಗ್ರಿ ಸರಿಯಿತೆಂದರೆ ವಸ್ತು ಸುಮಾರು 450 ಕಿಲೋಮೀಟರ್ ದೂರದಲ್ಲಿರಬೇಕು. ನಿಲ್ದಾಣದ ಎತ್ತರ 400ರಿಂದ 420 ಕಿಲೋಮೀಟರ್ ಎಂದು ಪುಸ್ತಕಗಳು ಹೇಳುತ್ತವೆ. ಬೆರಳಿನ ಅಳತೆಗೆ ಇಷ್ಟು ಸಾಕು. ಅದೇ 30 ಕಿಲೋಮೀಟರ್ ಎತ್ತರದ ಬಲೂನಾಗಿದ್ದರೆ, ನನ್ನ ನೆತ್ತಿಯ ಮೇಲಿದ್ದದ್ದು ಅವನಿಗೆ ಅರ್ಧ ಆಕಾಶ ಕೆಳಗೆ ಕಾಣಬೇಕಿತ್ತು.

ಅಪ್ಪನ ಪ್ರಶ್ನೆಗೂ ಉತ್ತರ ಸಿಕ್ಕಿತು. ನಿಲ್ದಾಣಕ್ಕೆ ಸ್ವಂತ ಹೊಳಪಿಲ್ಲ. ನಮಗೆ ಸೂರ್ಯ ಮುಳುಗಿ ಕತ್ತಲಾದ ಮೇಲೂ ಅಷ್ಟು ಎತ್ತರದಲ್ಲಿ ಬಿಸಿಲು ಇರುತ್ತದೆ. ಆ ಬಿಸಿಲೇ ಅದರ ಮೇಲೆ ಬಿದ್ದು ನಮಗೆ ಕಾಣುತ್ತದೆ. ಪೂರ್ವದ ಕಡೆ ಸಾಗಿದಂತೆ ಅದು ಭೂಮಿಯ ನೆರಳಿನೊಳಗೆ ಹೊಕ್ಕು ಮರೆಯಾಗುತ್ತದೆ. ಅದಕ್ಕೇ ಉಪಗ್ರಹಗಳನ್ನು ಸಂಜೆಯಾದ ಒಂದೆರಡು ಗಂಟೆಯೊಳಗೆ ಅಥವಾ ನಸುಕಿನಲ್ಲಿ ನೋಡಬೇಕು.

ಗೆಳೆಯ ಸುಮ್ಮನಾಗಲಿಲ್ಲ. “ಮ್ಯಾಲ ಒಂದು ಅದ ಅಂತ ಗೊತ್ತಾಯ್ತು. ಭೂಮಿ ಗುಂಡಗ ಅದ ಅಂತ ಎಲ್ಲಿ ಗೊತ್ತಾಯ್ತು?” ಎಂದ. ಮಾತು ಸರಿಯಾಗಿತ್ತು. ಒಂದನ್ನು ಸಾಬೀತು ಮಾಡಿ ಇನ್ನೊಂದೂ ಸಾಬೀತಾಯಿತು ಎನ್ನುವಂತಿಲ್ಲ.

ಎರಡನೆಯದು ನೆರಳಿನ ಪ್ರಯೋಗ. ಈಜಿಪ್ಟಿನಲ್ಲಿ ಎರಟೋಸ್ತನೀಸ್ ಎಂಬುವನು ಎರಡು ಸಾವಿರ ವರ್ಷಗಳ ಹಿಂದೆಯೇ ಎರಡು ಊರುಗಳ ನೆರಳು ಹೋಲಿಸಿ ಭೂಮಿಯ ಸುತ್ತಳತೆ ಹೇಳಿದ್ದು ಶಾಲೆಯ ಪುಸ್ತಕದಲ್ಲಿ ಓದಿದ್ದೆವು. ಗೆಳೆಯ ಅದರಲ್ಲೂ ಒಂದು ತಕರಾರು ಹುಡುಕಿದ. ಎರಡು ಊರುಗಳಲ್ಲಿ ನೆರಳು ಬೇರೆಬೇರೆ ಬಂದರೆ ಭೂಮಿ ಬಾಗಿದೆ ಎನ್ನಬಹುದು. ಆದರೆ ಭೂಮಿ ಚಪ್ಪಟೆಯೇ ಇದ್ದು ಸೂರ್ಯ ಹತ್ತಿರ ಇದ್ದರೂ ನೆರಳು ಬೇರೆಬೇರೆ ಬರುತ್ತದೆ, ಬೀದಿದೀಪದ ಕೆಳಗೆ ನಿಂತವರ ನೆರಳಿನಂತೆ. ಹಾಗಾಗಿ ಎರಡು ಊರು ಸಾಲದು, ಮೂರು ಬೇಕು.

ನಕ್ಷೆ ನೋಡಿದಾಗ ಆಶ್ಚರ್ಯವಾಯಿತು. ದೆಹಲಿ, ಕಲಬುರಗಿ, ತಿರುವನಂತಪುರ ಮೂರೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲೆ, 77 ಡಿಗ್ರಿಯ ಆಜುಬಾಜಿನಲ್ಲಿವೆ. ದೆಹಲಿಯಲ್ಲಿ ನಮ್ಮೂರಿನ ಒಬ್ಬ ಅಣ್ಣ ಯುಪಿಎಸ್‌ಸಿಗೆ ಓದುತ್ತಿದ್ದಾನೆ. ತಿರುವನಂತಪುರದಲ್ಲಿ ಗೆಳೆಯನ ಕಾಕಾನ ಮಗ ನೌಕರಿಯಲ್ಲಿದ್ದಾನೆ. ಮಾರ್ಚ್ 21ರಂದು, ಹಗಲು ರಾತ್ರಿ ಸಮವಾಗುವ ಹೊತ್ತಿಗೆ, ಮೂವರೂ ಒಂದೊಂದು ಮೀಟರ್ ಉದ್ದದ ಕೋಲು ನಿಲ್ಲಿಸುವುದೆಂದು ಗೊತ್ತಾಯಿತು. ದಾರಕ್ಕೆ ಕಲ್ಲು ಕಟ್ಟಿ ಕೋಲು ನೆಟ್ಟಗಿದೆಯೇ ಎಂದು ನೋಡಿಕೊಂಡೆವು. ಗಡಿಯಾರದ ಹನ್ನೆರಡಕ್ಕೆ ಅಳೆದರೆ ತಪ್ಪಾಗುತ್ತದೆ. ನಮ್ಮ ರೇಖಾಂಶದಲ್ಲಿ ಆ ದಿನ ಸೂರ್ಯ ಅತಿ ಎತ್ತರಕ್ಕೆ ಬರುವುದು 12.30ರ ಸುಮಾರಿಗೆ. ಅತಿ ಗಿಡ್ಡ ನೆರಳಿಗೆ ಗುರುತು ಹಾಕಿದೆವು.

ತಿರುವನಂತಪುರದಲ್ಲಿ 15 ಸೆಂಟಿಮೀಟರ್. ಕಲಬುರಗಿಯಲ್ಲಿ 31. ದೆಹಲಿಯಲ್ಲಿ 54.5.

ಮೊದಲು ಚಪ್ಪಟೆ ಭೂಮಿಯ ಲೆಕ್ಕ. ತಿರುವನಂತಪುರ ನಮಗೆ ಸುಮಾರು 975 ಕಿಲೋಮೀಟರ್ ದಕ್ಷಿಣ, ದೆಹಲಿ 1,250 ಕಿಲೋಮೀಟರ್ ಉತ್ತರ. ಭೂಮಿ ಚಪ್ಪಟೆ ಎಂದಿಟ್ಟುಕೊಂಡರೆ, ದಕ್ಷಿಣದ ಜೋಡಿ ಊರುಗಳ ನೆರಳಿನ ಪ್ರಕಾರ ಸೂರ್ಯ ಸುಮಾರು 6,100 ಕಿಲೋಮೀಟರ್ ಎತ್ತರದಲ್ಲಿರಬೇಕು. ಉತ್ತರದ ಜೋಡಿಯ ಪ್ರಕಾರ 5,300. ಒಬ್ಬನೇ ಸೂರ್ಯ, ಒಂದೇ ಮಧ್ಯಾಹ್ನ, ಎರಡು ಎತ್ತರ! ನಮ್ಮ ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ಆಚೀಚೆ ಆಗಿದ್ದರೂ ಇಷ್ಟು ಅಂತರ ಮುಚ್ಚುವುದಿಲ್ಲ.

ನಂತರ ಗುಂಡು ಭೂಮಿಯ ಲೆಕ್ಕ. ನೆರಳನ್ನು ಕೋನಕ್ಕೆ ಬದಲಿಸಿದರೆ ದಕ್ಷಿಣದ ಜೋಡಿಯಲ್ಲಿ 8.7 ಡಿಗ್ರಿ ಅಂತರ, ಉತ್ತರದ ಜೋಡಿಯಲ್ಲಿ 11.4. ಒಂದು ಡಿಗ್ರಿಗೆ ಎಷ್ಟು ಕಿಲೋಮೀಟರ್ ಎಂದು ಭಾಗಿಸಿದರೆ ಒಂದು ಕಡೆ 112, ಇನ್ನೊಂದು ಕಡೆ 110. ಎರಡೂ ಹೊಂದುತ್ತವೆ. ಒಟ್ಟಿನ ಸರಾಸರಿ 111ನ್ನು 360ರಿಂದ ಗುಣಿಸಿದರೆ ಸುತ್ತಳತೆ 40 ಸಾವಿರ ಕಿಲೋಮೀಟರಿನ ಸುತ್ತಮುತ್ತ ಬರುತ್ತದೆ. ಧ್ರುವಗಳ ಮೂಲಕ ಭೂಮಿಯ ಸುತ್ತಳತೆ 40,008 ಕಿಲೋಮೀಟರ್. ಖರ್ಚು: ಮೂರು ಕೋಲು, ಮೂರು ಅಳತೆ ಪಟ್ಟಿ, ಎರಡು ಫೋನ್ ಕರೆ.

ಗೆಳೆಯ ಲೆಕ್ಕವನ್ನು ಎರಡು ಸಲ ತಾನೇ ಮಾಡಿದ. “ಗುಂಡಗ ಅದ ಬಿಡು” ಎಂದ. ಎರಡು ದಿನದ ನಂತರ ಬಂದು, “ಖರೇ ಅಂದ್ರ ಪೂರಾ ಗುಂಡಗನೂ ಇಲ್ಲ, ನಡು ಉಬ್ಬ್ಯಾದ. ಅದನ್ನ ಅಳದವರು ನಮ್ಮ ಬೀದರಿಗೇ ಬಂದಿದ್ರು” ಎಂದು ನನಗೇ ಪಾಠ ಹೇಳಿದ.

ಅವನು ಓದಿಕೊಂಡು ಬಂದಿದ್ದು ವಿಲಿಯಂ ಲ್ಯಾಂಬ್ಟನ್ ಕಥೆ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೆಯ ಒಂದು ಮುಖ್ಯ ಉದ್ದೇಶ ಭೂಮಿಯ ನಿಜವಾದ ಆಕಾರ ತಿಳಿಯುವುದೇ ಆಗಿತ್ತು. ಕನ್ಯಾಕುಮಾರಿಯ ಹತ್ತಿರದಿಂದ ಉತ್ತರಕ್ಕೆ ಅಳೆಯುತ್ತಾ ಬಂದ ತಂಡ 1815ರಲ್ಲಿ ಬೀದರ್ ಸಮೀಪದ ದಾಮರಗಿದ್ದದಲ್ಲಿ ಸರಪಳಿ ಹಾಸಿ ಆಧಾರರೇಖೆ ಅಳೆಯಿತು. ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಗುಡ್ಡದಿಂದ ಗುಡ್ಡಕ್ಕೆ ಹೊತ್ತವರು, ಜ್ವರ ಬಂದು ದಾರಿಯಲ್ಲೇ ಸತ್ತವರು ಬಹುಪಾಲು ನಮ್ಮ ನಾಡಿನ ಕೂಲಿಗಳು. ಅವರ ಹೆಸರುಗಳು ಪುಸ್ತಕದಲ್ಲಿಲ್ಲ. ಉತ್ತರಕ್ಕೆ ಹೋದಂತೆ ಒಂದು ಡಿಗ್ರಿಯ ಉದ್ದ ತುಸುವೇ ಹೆಚ್ಚುತ್ತದೆ ಎಂಬುದನ್ನು ಇಂಥ ಅಳತೆಗಳೇ ತೋರಿಸಿಕೊಟ್ಟವು. ಭೂಮಿ ಧ್ರುವಗಳಲ್ಲಿ ತಗ್ಗಿ ನಡುವಿನಲ್ಲಿ ಉಬ್ಬಿರುವುದಕ್ಕೆ ಅದು ಸಾಕ್ಷಿ. ಈಗ ನಮಗೆ ಗೊತ್ತಿರುವಂತೆ ಸಮಭಾಜಕದ ಕಡೆ ತ್ರಿಜ್ಯ 6,378 ಕಿಲೋಮೀಟರ್, ಧ್ರುವದ ಕಡೆ 6,357. ವ್ಯತ್ಯಾಸ ಕೇವಲ 21 ಕಿಲೋಮೀಟರ್. ನಾವು ಎರಡು ಸೆಕೆಂಡಿನಲ್ಲಿ ಗುರುತು ಹಾಕುವ ಉತ್ತರದ ಹಿಂದೆ ಇಷ್ಟು ಜನರ ನಡಿಗೆ ಇದೆ.

ಅದಕ್ಕೂ ಹಿಂದೆ ಹೋದರೆ, ನೆಲ ಚಪ್ಪಟೆಯಾಗಿ ಕಾಣುವುದೇಕೆ ಎಂಬ ಪ್ರಶ್ನೆಗೆ ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲೇ ಉತ್ತರ ಕೊಟ್ಟಿದ್ದಾರೆ. ದೊಡ್ಡ ವೃತ್ತದ ನೂರನೆಯ ಒಂದು ಭಾಗ ನೇರವಾಗಿಯೇ ಕಾಣುತ್ತದೆ, ಭೂಮಿ ಬಹಳ ದೊಡ್ಡದು, ಮನುಷ್ಯ ಬಹಳ ಚಿಕ್ಕವನು ಎಂಬುದು ಅವರ ವಾದದ ಸಾರ. ಅವರ ಊರು ನಮ್ಮ ವಿಜಯಪುರ ಎನ್ನುವ ವಿದ್ವಾಂಸರಿದ್ದಾರೆ, ಮಹಾರಾಷ್ಟ್ರದ ಪಾಟಣ ಎನ್ನುವವರೂ ಇದ್ದಾರೆ. ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ 1407ರಲ್ಲಿ ದೌಲತಾಬಾದ್ ಬಳಿ ಖಗೋಳ ವೀಕ್ಷಣಾಲಯ ಕಟ್ಟಿಸತೊಡಗಿದ್ದ, ಅದು ಪೂರ್ತಿಯಾಗಲಿಲ್ಲ. ಅವನ ಗೋರಿ ಇಲ್ಲೇ ಹಫ್ತ್ ಗುಂಬಜ್‌ನಲ್ಲಿದೆ. ಆಕಾಶ ನೋಡಿ ಲೆಕ್ಕ ಹಾಕುವುದು ಈ ಭಾಗಕ್ಕೆ ಹೊಸದಲ್ಲ.

ಇಷ್ಟೆಲ್ಲ ಮಾಡಿ ನೌಕರಿ ಸಿಕ್ಕಿತೇ ಎಂದು ಕೆಲವರು ಕೇಳುತ್ತಾರೆ. ಇಲ್ಲ, ನಾವಿಬ್ಬರೂ ಇನ್ನೂ ಓದುತ್ತಲೇ ಇದ್ದೇವೆ. ಆದರೆ ನಮ್ಮಂಥವರು ದಿನವೂ ಎದುರಿಸುವ ಅಪಾಯ ಚಪ್ಪಟೆ ಭೂಮಿಯದಲ್ಲ. ನಕಲಿ ನೇಮಕಾತಿ ಪ್ರಕಟಣೆ, ‘ಸೋರಿಕೆಯಾದ’ ಪ್ರಶ್ನೆಪತ್ರಿಕೆ, ದುಡ್ಡು ಕೊಟ್ಟರೆ ಹುದ್ದೆ ಕೊಡಿಸುವ ಮಾತು, ಇವು ಪ್ರತಿ ವಾರ ಮೊಬೈಲಿಗೆ ಬರುತ್ತವೆ. ಇವುಗಳ ಎದುರು ಕಂಠಪಾಠ ಮಾಡಿದ ಸರಿ ಉತ್ತರಗಳು ನಮ್ಮನ್ನು ಕಾಯುವುದಿಲ್ಲ ಎಂಬುದನ್ನು ನಾನು 850 ರೂಪಾಯಿ ಕೊಟ್ಟು ಕಲಿತೆ. ಇದು ಎಲ್ಲಿಂದ ಬಂತು, ಬೇರೆ ದಾರಿಯಿಂದ ಪರೀಕ್ಷಿಸಬಹುದೇ, ಸುಳ್ಳಾಗಿದ್ದರೆ ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಅಭ್ಯಾಸವೇ ಬೇರೆ.

ಪ್ರಶ್ನೆ ಕೇಳಿದರಷ್ಟೇ ಸಾಲದು ಎಂಬುದೂ ನಿಜ. ಆ ವಿಡಿಯೋಗಳೂ ಪ್ರಶ್ನೆ ಕೇಳುತ್ತವೆ, ಆದರೆ ಕೋಲು ನೆಡುವ ಕಷ್ಟ ತೆಗೆದುಕೊಳ್ಳುವುದಿಲ್ಲ. ನನ್ನ ಗೆಳೆಯ ತೆಗೆದುಕೊಂಡ. ತನ್ನ ಮಾತಿಗೆ ವಿರುದ್ಧ ಬಂದ ಲೆಕ್ಕವನ್ನು ತಾನೇ ಮಾಡಿ ಒಪ್ಪಿಕೊಂಡ. ಅಂದು ನಾನು ಅವನನ್ನು ನಗೆಪಾಟಲು ಮಾಡಿದ್ದರಿಂದ ಅವನ ಅಭಿಪ್ರಾಯ ಒಂದಿಷ್ಟೂ ಬದಲಾಗಿರಲಿಲ್ಲ, ಅವನು ನಮ್ಮಿಂದ ದೂರವಾದದ್ದಷ್ಟೇ ಬಂತು. ನಿಮ್ಮ ಗುಂಪಿನಲ್ಲೂ ಇಂಥವನೊಬ್ಬ ಇದ್ದರೆ ದಯವಿಟ್ಟು ಪಂಕ್ಚರ್ ಅಂಗಡಿಯ ಮಾತು ಆಡಬೇಡಿ. ಜೊತೆಗೆ ಕರೆದುಕೊಂಡು ಮಾಳಿಗೆ ಹತ್ತಿ.

ನಮ್ಮ ಕಾಲೇಜುಗಳೂ ಇದನ್ನು ಮಾಡಬಹುದು. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಭೂಗೋಳ, ಭೌತಶಾಸ್ತ್ರ ಓದುವವರು ಎಲ್ಲ ತಾಲ್ಲೂಕುಗಳಲ್ಲಿದ್ದಾರೆ. ನಮ್ಮ ಜಿಲ್ಲೆಯ ಹುಡುಗರು ಬೆಂಗಳೂರು, ಪುಣೆ, ದೆಹಲಿಗಳಲ್ಲೆಲ್ಲ ಕೆಲಸಕ್ಕಿದ್ದಾರೆ. ವರ್ಷಕ್ಕೆ ಎರಡು ದಿನ ಎಲ್ಲರೂ ಕೋಲು ನೆಟ್ಟು ನೆರಳು ಅಳೆದರೆ ನಮ್ಮ ಮೂರು ಊರಿನ ಲೆಕ್ಕ ಮೂವತ್ತು ಊರಿನದಾಗುತ್ತದೆ.

ಈಗ ನಮ್ಮ ಗುಂಪಿನಲ್ಲಿ ಒಂದು ನಿಯಮವಿದೆ. ಯಾವ ನೇಮಕಾತಿ ಸುದ್ದಿ ಹಾಕಿದರೂ ಇಲಾಖೆಯ ವೆಬ್‌ಸೈಟಿನ ಕೊಂಡಿ ಜೊತೆಗಿರಬೇಕು. ಇಲ್ಲದಿದ್ದರೆ ಗೆಳೆಯ ಕೆಳಗೆ ಬರೆಯುತ್ತಾನೆ: “ನೀ ನೋಡಿಯೇನು?” ಮುಂದಿನ ಅಳತೆಗೆ ಸೆಪ್ಟೆಂಬರ್ 23 ಗೊತ್ತುಮಾಡಿದ್ದೇವೆ. ಮಳೆಗಾಲದ ಮೋಡ ಅಡ್ಡ ಬರಬಹುದು, ಬಂದರೆ ಮರುದಿನ ಅಳೆಯುತ್ತೇವೆ. ನೀವು ಎಲ್ಲೇ ಇರಿ, ಒಂದು ಮೀಟರ್ ಕೋಲು ಹುಡುಕಿಟ್ಟುಕೊಳ್ಳಿ.